‘ನಾವೇ ನೋಡ್ಕೋತೀವಿ’ ಅಂದ್ರೆ ಯಾರು?

"ಅಜ್ಜೀನ ಯಾರು ನೋಡ್ಕೋತಾರೆ?" ಅಂತ ಯಾರಾದ್ರೂ ಕೇಳಿದ್ರೆ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ನಾವೇ ನೋಡ್ಕೋತೀವಿ." ಅಪ್ಪ ಹಾಗೇ ಹೇಳ್ತಾರೆ. ಶಿವಮೊಗ್ಗದಲ್ಲಿರೋ ಚಿಕ್ಕಪ್ಪ ಫೋನಲ್ಲಿ ಹಾಗೇ ಹೇಳ್ತಾರೆ. ಅರಸೀಕೆರೆಯ ಅತ್ತೆ ಮದುವೆ ಮನೆಗಳಲ್ಲಿ ಸಿಕ್ಕವರಿಗೆಲ್ಲ ಹಾಗೇ ಹೇಳ್ತಾರೆ. ನಾವಿಬ್ಬರೂ, ಅಂದ್ರೆ ಬೆಂಗಳೂರಲ್ಲಿ ಕೆಲಸ ಮಾಡೋ ಅಕ್ಕ ಮತ್ತು ಹಾಸ್ಟೆಲ್ ರೂಮಲ್ಲಿ ಕೂತು ಇದನ್ನ ಟೈಪ್ ಮಾಡ್ತಿರೋ ತಮ್ಮ, ಫ್ರೆಂಡ್ಸ್ ಹತ್ರ ಹಾಗೇ ಹೇಳ್ತಿದ್ವಿ. ಹಾಗೆ ಹೇಳದೇ ಇದ್ದದ್ದು ಅಮ್ಮ ಒಬ್ಬಳೇ. ಅವಳಿಗೆ ಹೇಳೋಕೆ ಪುರುಸೊತ್ತು ಇರ್ಲಿಲ್ಲ.

ನಮ್ಮ ಮನೆ ಇರೋದು ತಿಪಟೂರಲ್ಲಿ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಾರೆ. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಿದ್ಲು. ಅಜ್ಜಿ, ಅಂದ್ರೆ ಅಪ್ಪನ ಅಮ್ಮ, ಮೂರು ವರ್ಷದ ಹಿಂದೆ ಸಾರಿಗೆ ಎರಡು ಸಲ ಉಪ್ಪು ಹಾಕೋಕೆ ಶುರು ಮಾಡಿದ್ಲು. ಆಮೇಲೆ ಊಟ ಮುಗಿಸಿ ಹತ್ತೇ ನಿಮಿಷಕ್ಕೆ "ನಂಗ್ಯಾರೂ ಊಟ ಹಾಕ್ಲಿಲ್ಲ" ಅಂತ ಪಕ್ಕದ ಮನೆಗೆ ಹೋಗಿ ಹೇಳಿದ್ಲು. ಅವತ್ತು ಅಮ್ಮನಿಗೆ ಆದ ಅವಮಾನ ನಮಗೆ ಅರ್ಥ ಆಗಲಿಲ್ಲ, ನಾವು ನಕ್ಕಿದ್ವಿ. "ಅರವತ್ತಕ್ಕೆ ಅರಳು ಮರಳು, ಅಜ್ಜಿಗೆ ಎಪ್ಪತ್ತೆಂಟು" ಅಂತ ಅಪ್ಪನೂ ನಕ್ಕರು. ಆ ಒಂದು ಗಾದೆ ನಮ್ಮ ಒಂದೂವರೆ ವರ್ಷ ತಿಂದು ಹಾಕಿತು. ವಯಸ್ಸಾದ ಮೇಲೆ ಮರೆವು ಸಹಜ, ಅದಕ್ಕೆ ಡಾಕ್ಟರ್ ಯಾಕೆ ಅನ್ನೋದು ಮನೆಯ ತೀರ್ಮಾನ ಆಗಿತ್ತು.

ಒಂದು ದಿನ ಸಂಜೆ ಅಜ್ಜಿ ಕಾಣೆಯಾದ್ಲು. ಎರಡು ಗಂಟೆ ಹುಡುಕಿದ ಮೇಲೆ ರೈಲ್ವೆ ಸ್ಟೇಷನ್ ಹತ್ರ ಸಿಕ್ಕಳು. "ಕತ್ಲಾಯ್ತು, ಮನೆಗೆ ಹೋಗ್ತೀನಿ, ದನ ಕಟ್ಬೇಕು" ಅಂತಿದ್ಲು. ಆ ಮನೆ ಬಿಟ್ಟು ನಲವತ್ತು ವರ್ಷ ಆಗಿದೆ, ದನ ಈಗ ಯಾರ ಹತ್ರಾನೂ ಇಲ್ಲ. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ವಿ. ಮೊದಲು ರಕ್ತ ಪರೀಕ್ಷೆ, ಯಾಕಂದ್ರೆ ಬಿ12 ಕಡಿಮೆ ಇದ್ರೂ, ಥೈರಾಯ್ಡ್ ತೊಂದರೆ ಇದ್ರೂ ಮರೆವು ಬರಬಹುದು, ಅದನ್ನ ಸರಿ ಮಾಡಬಹುದು. ನಾವೆಲ್ಲ ಬಿ12 ಕಡಿಮೆ ಇರ್ಲಿ ಅಂತ ಬೇಡ್ಕೊಂಡ್ವಿ. ಇರ್ಲಿಲ್ಲ. ಆಮೇಲೆ ಸ್ಕ್ಯಾನ್, ಆಮೇಲೆ ಪ್ರಶ್ನೆಗಳು: ಇವತ್ತು ಯಾವ ವಾರ, ಈಗ ಯಾವ ಕಾಲ, ಹೇಳಿದ ಮೂರು ಪದ ನೆನಪಿಟ್ಟು ಮತ್ತೆ ಹೇಳಿ. ಅಜ್ಜಿ ಒಂದು ಪದವನ್ನೂ ವಾಪಸ್ ಹೇಳಲಿಲ್ಲ. ಬದಲಿಗೆ ಡಾಕ್ಟರಿಗೆ "ನಿಂಗೆ ಮದ್ವೆ ಆಯ್ತೇನಪ್ಪ?" ಅಂತ ಕೇಳಿದ್ಲು.

ಡಿಮೆನ್ಶಿಯಾ ಅಂದರು, ಆಲ್ಜೈಮರ್ಸ್ ಇರಬೇಕು ಅಂದರು. ಅಲೋಯಿಸ್ ಆಲ್ಜೈಮರ್ ಅನ್ನೋ ಜರ್ಮನ್ ವೈದ್ಯ ಈ ಕಾಯಿಲೆಯನ್ನು ಮೊದಲು ವಿವರಿಸಿದ್ದು 1906ರಲ್ಲಿ. ಇವತ್ತಿಗೂ ಇದನ್ನ ಪೂರ್ತಿ ವಾಸಿ ಮಾಡೋ ಔಷಧ ಇಲ್ಲ. ಮಾತ್ರೆಗಳು ಸ್ವಲ್ಪ ಸಹಾಯ ಮಾಡ್ತವೆ, ಉಳಿದದ್ದೆಲ್ಲ ನೋಡ್ಕೊಳ್ಳೋದೇ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದ್ರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಅಷ್ಟು ಜನ ಇದ್ದಾರೆ ಅಂದ್ರೆ ಅವರ ಹಿಂದೆ ಅಷ್ಟೇ ಮನೆಗಳಿವೆ. ಪ್ರತಿ ಮನೆಯಲ್ಲೂ ಯಾರೋ ಒಬ್ಬರು ರಾತ್ರಿ ಸರಿಯಾಗಿ ಮಲಗ್ತಿಲ್ಲ.

ಆ ‘ಯಾರೋ ಒಬ್ಬರಿಗೆ’ ಕನ್ನಡದಲ್ಲಿ ಏನಂತಾರೆ ಅಂತ ಈ ಲೇಖನಕ್ಕಾಗಿ ಹುಡುಕಿದ್ವಿ. ಸರ್ಕಾರಿ ಕಾಗದಗಳಲ್ಲಿ ‘ಆರೈಕೆದಾರರು’ ಅಂತಾರೆ. ಆಸ್ಪತ್ರೆಯಲ್ಲಿ ‘ಅಟೆಂಡರ್’ ಅಂತಾರೆ, "ಪೇಷೆಂಟ್ ಅಟೆಂಡರ್ ಬನ್ನಿ" ಅಂತ ಕೂಗ್ತಾರೆ. ಮನೆಯಲ್ಲಿ ಮಾತ್ರ ಆ ಕೆಲಸಕ್ಕೆ ಹೆಸರೇ ಇಲ್ಲ. ಸೊಸೆ ಅಂತಾರೆ ಅಷ್ಟೇ.

ಕಳೆದ ನವೆಂಬರ್‌ನಲ್ಲಿ ಇಂಟರ್ನಲ್ಸ್ ಮುಗಿದ ಶುಕ್ರವಾರ ನಾವಿಬ್ಬರೂ ಹೇಳದೆ ಕೇಳದೆ ಯಶವಂತಪುರದಲ್ಲಿ ಟ್ರೈನ್ ಹತ್ತಿ ಊರಿಗೆ ಹೋದ್ವಿ. ಸರ್ಪ್ರೈಸ್ ಕೊಡೋಣ ಅಂತ. ಬಾಗಿಲು ತೆಗೆದಿತ್ತು. ಅಜ್ಜಿ ಹಾಲಲ್ಲಿ ಕೂತು ಸೆರಗಿನ ಅಂಚು ಮಡಚ್ತಾ, ಬಿಚ್ಚುತ್ತಾ ಇದ್ಲು. ಎಡಗೈ ಮಣಿಕಟ್ಟು ಕೆಂಪಗಿತ್ತು. ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟಿತ್ತು. ಅಮ್ಮ ಒಳಗಿದ್ಲು. ಇಪ್ಪತ್ತು ನಿಮಿಷ ಆದ್ರೂ ಹೊರಗೆ ಬರಲಿಲ್ಲ. ನಲ್ಲಿ ಬಿಟ್ಟಿದ್ದು ಅಳೋದು ಕೇಳಿಸಬಾರದು ಅಂತ.

ಬಟ್ಟೆಯಲ್ಲೇ ಎಲ್ಲ ಮಾಡ್ಕೊಂಡಿದ್ದ ಅಜ್ಜಿಯನ್ನ ಅವತ್ತು ಮೂರನೇ ಸಲ ಸ್ನಾನಕ್ಕೆ ಎಬ್ಬಿಸೋವಾಗ ಅಜ್ಜಿ ಅಮ್ಮನ ಕೂದಲು ಹಿಡಿದು ಎಳೆದಿದ್ಲು. ಅಮ್ಮ ಕೈ ಮೇಲೆ ಹೊಡೆದುಬಿಟ್ಟಿದ್ಲು. ಜೋರಾಗಿ. ನಾವು ಬರೋ ಹೊತ್ತಿಗೆ ಅಜ್ಜಿಗೆ ಅದು ಮರೆತುಹೋಗಿತ್ತು. ಅಮ್ಮನಿಗೆ ಮರೆಯೋಕೆ ಆಗ್ತಿರ್ಲಿಲ್ಲ.

ಇಲ್ಲಿ ನಮ್ಮ ಬಗ್ಗೆ ಒಂದು ನಿಜ ಹೇಳ್ಬೇಕು. ಅವತ್ತು ನಮಗೆ ಬಂದದ್ದು ಅಮ್ಮನ ಮೇಲೆ ಸಿಟ್ಟು. "ಹೊಡೆದ್ಯಾ? ಅಜ್ಜಿಗೆ ಹೊಡೆದ್ಯಾ?" ಅಂತ ಇಬ್ಬರೂ ಕೂಗಾಡಿದ್ವಿ. ಅಮ್ಮ ತಿರುಗಿ ಕೂಗಲಿಲ್ಲ. "ಎರಡೇ ಎರಡು ದಿನ ನೀವು ನೋಡ್ಕೊಳ್ಳಿ. ಆಮೇಲೆ ಕೇಳಿ" ಅಂದ್ಲು. ಮಾರನೇ ದಿನ ಬೆಳಗ್ಗೆ ಬ್ಯಾಗಿಗೆ ಎರಡು ಸೀರೆ ಹಾಕ್ಕೊಂಡು ಚಿಕ್ಕನಾಯಕನಹಳ್ಳಿಯ ತವರಿಗೆ ಹೊರಟುಹೋದ್ಲು. ಮೂರು ವರ್ಷದಲ್ಲಿ ಮೊದಲ ಸಲ.

ಶನಿವಾರ ಮಧ್ಯಾಹ್ನದವರೆಗೆ ನಮಗೆ ತುಂಬಾ ಹೆಮ್ಮೆ. ಅಜ್ಜಿಗೆ ಹಳೇ ಹಾಡು ಹಾಕಿದ್ವಿ, ತಲೆ ಬಾಚಿದ್ವಿ, ಫೋಟೊ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ವಿ. ಚಿಕ್ಕಪ್ಪ ಹಾರ್ಟ್ ಕಳಿಸಿದರು. ಸಂಜೆ ಐದೂವರೆಗೆ "ಮನೆಗೆ ಹೋಗ್ಬೇಕು" ಶುರುವಾಯ್ತು. "ಅಜ್ಜಿ, ಇದೇ ನಿನ್ನ ಮನೆ" ಅಂತ ನಾವು ಲಾಜಿಕ್ ಹೇಳಿದಷ್ಟೂ ಅವಳ ಕೋಪ ಜಾಸ್ತಿ ಆಯ್ತು. ರಾತ್ರಿ ಒಂದೂವರೆಗೆ ಎದ್ದಳು, ಮೂರು ಗಂಟೆಗೆ ಎದ್ದಳು, ನಾಲ್ಕಕ್ಕೆ ಅಡುಗೆಮನೆಗೆ ಹೋಗಿ ಗ್ಯಾಸ್ ನಾಬ್ ತಿರುಗಿಸ್ತಿದ್ಲು. ಭಾನುವಾರ ಬೆಳಗ್ಗೆ ಮಾತ್ರೆಯನ್ನ ನಮ್ಮ ಮುಖಕ್ಕೇ ಉಗುಳಿದ್ಲು. ಭಾನುವಾರ ಸಂಜೆ ಮತ್ತೆ ಅದೇ ಮನೆ, ಅದೇ ದನ. ಅಷ್ಟು ಹೊತ್ತಿಗೆ ನಾವೂ ಅಜ್ಜಿ ಮೇಲೆ ಕೂಗಾಡಿದ್ವಿ, ಬೀದಿಗೆಲ್ಲ ಕೇಳಿಸೋ ಹಾಗೆ. ಬರೀ ಮೂವತ್ತಾರು ಗಂಟೆಯಲ್ಲಿ. ಅಮ್ಮ ಮೂರು ವರ್ಷ ತಡ್ಕೊಂಡಿದ್ಲು.

ಅಮ್ಮ ವಾಪಸ್ ಬಂದಾಗ ನಾವು ಕ್ಷಮೆ ಕೇಳಿದ್ವಿ. "ಅದೆಲ್ಲ ಇರ್ಲಿ, ಏನಾದ್ರೂ ತಿಂದ್ರಾ?" ಅಂದ್ಲು.

ಬೆಂಗಳೂರಿಗೆ ಬಂದ ಮೇಲೆ ನಮಗೆ ಗೊತ್ತಿರೋ ಕೆಲಸ ಒಂದೇ, ಅದನ್ನ ಮಾಡಿದ್ವಿ: ಎಕ್ಸೆಲ್ ಶೀಟ್. ವಾರಕ್ಕೆ 168 ಗಂಟೆ. ರಾತ್ರಿ ಸೇರಿಸಿ, ಪ್ರತಿ ಗಂಟೆ ಅಜ್ಜಿಯ ಜವಾಬ್ದಾರಿ ಯಾರ ಮೇಲಿರುತ್ತೆ ಅಂತ ಅಮ್ಮನನ್ನ ಕೇಳ್ಕೊಂಡು ತುಂಬಿದ್ವಿ. ಅಪ್ಪ 18 ಗಂಟೆ. ಪಕ್ಕದ ಮನೆ ಆಂಟಿ 3 ಗಂಟೆ, ಅಮ್ಮ ಸಂತೆಗೆ ಹೋದಾಗ. ಚಿಕ್ಕಪ್ಪ ಸೊನ್ನೆ. ಅತ್ತೆ ಸೊನ್ನೆ. ನಾವು ಸೊನ್ನೆ. ಅಮ್ಮ 147. ಆ ಸಂಖ್ಯೆ ನೋಡಿ ಅಕ್ಕ ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಡೀ ಸಿಸ್ಟಮ್ ಒಂದೇ ನೋಡ್ ಮೇಲೆ ಓಡ್ತಿತ್ತು, ಬ್ಯಾಕಪ್ ಇಲ್ಲ, ಮೇಂಟೆನೆನ್ಸ್‌ಗೆ ಟೈಮೂ ಇಲ್ಲ. ಅಂಥ ಡಿಸೈನನ್ನ ನಾವು ಲ್ಯಾಬ್‌ನಲ್ಲಿ ತೋರಿಸಿದ್ರೆ ಮೇಷ್ಟ್ರು ಒಪ್ಪಲ್ಲ. ಮನೆಯಲ್ಲಿ ಮಾತ್ರ ಅದನ್ನ ‘ಒಳ್ಳೇ ಸೊಸೆ’ ಅಂತ ಹೊಗಳ್ತೀವಿ.

ಇದು ನಮ್ಮ ಮನೆ ಕಥೆ ಮಾತ್ರ ಅಲ್ಲ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಯವರ ಆರೈಕೆ ಮಾಡೋರಲ್ಲಿ, ಮಕ್ಕಳ ಆರೈಕೆಯೂ ಸೇರಿ, ಹೆಂಗಸರು ದಿನಕ್ಕೆ ಸರಾಸರಿ 134 ನಿಮಿಷ ಕೊಡ್ತಾರೆ, ಗಂಡಸರು 76 ನಿಮಿಷ.

ಆಮೇಲೆ ಕಾನೂನು ಏನು ಹೇಳುತ್ತೆ ಅಂತ ನೋಡಿದ್ವಿ. 2007ರಲ್ಲಿ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಅಂತಲೇ ಒಂದು ಕಾಯ್ದೆ ಬಂದಿದೆ. ಹಿರಿಯರ ಜೀವನಾಂಶದ ಹೊಣೆ ಮಕ್ಕಳದ್ದು ಅನ್ನುತ್ತೆ. ‘ಮಕ್ಕಳು’ ಅಂದ್ರೆ ಯಾರು ಅಂತ ಅದರ ಶುರುವಿನಲ್ಲೇ ಬರೆದಿದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು, ಅಪ್ರಾಪ್ತರನ್ನು ಬಿಟ್ಟು. ಆ ಸಾಲನ್ನ ನಾವು ಎರಡು ಸಲ ಓದಿದ್ವಿ. ಅಪ್ಪ ಇದ್ದಾರೆ, ಚಿಕ್ಕಪ್ಪ ಇದ್ದಾರೆ, ಅತ್ತೆ ಇದ್ದಾರೆ. ಹದಿನೆಂಟು ದಾಟಿದ ನಾವಿಬ್ಬರೂ ಇದ್ದೀವಿ. ಸೊಸೆ ಇಲ್ಲ. ಕಾನೂನಿನ ಪಟ್ಟಿಯಲ್ಲಿ ಇರೋರೆಲ್ಲರ ಹೆಸರ ಮುಂದೆ ಸೊನ್ನೆ ಅಥವಾ 18, ಪಟ್ಟಿಯಲ್ಲೇ ಇಲ್ಲದವಳ ಮುಂದೆ 147.

ಶೀಟನ್ನ ಫ್ಯಾಮಿಲಿ ಗ್ರೂಪ್‌ಗೆ ಹಾಕಿದ್ವಿ. ಎರಡು ದಿನ ಯಾರೂ ಏನೂ ಹೇಳಲಿಲ್ಲ. ಮೂರನೇ ದಿನ ಅತ್ತೆ ಫೋನ್ ಮಾಡಿ "ಮನೆ ಮಾನ ಹೀಗೆ ಗ್ರೂಪಲ್ಲಿ ತೆಗೀತೀರಾ?" ಅಂತ ಬೈದರು. ಆದರೆ ಮುಂದಿನ ತಿಂಗಳು ಬಂದು ಎರಡು ದಿನ ಇದ್ದರು. ಚಿಕ್ಕಪ್ಪ ಬರೋಕೆ ಆಗಲ್ಲ ಅಂದರು, ದುಡ್ಡು ಕಳಿಸ್ತೀನಿ ಅಂದರು. ಆ ದುಡ್ಡಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಎರಡು ಗಂಟೆ ಬಂದು ಅಜ್ಜಿಗೆ ಸ್ನಾನ ಮಾಡಿಸೋಕೆ ಒಬ್ಬರು ಸಿಕ್ಕಿದರು. ಅಪ್ಪ ಏನೂ ಮಾತಾಡಲಿಲ್ಲ. ರಾತ್ರಿ ಅಜ್ಜಿ ರೂಮಿಗೆ ತಮ್ಮ ಹಾಸಿಗೆ ಹಾಕ್ಕೊಂಡರು.

ಮನೆಯವರದ್ದು ಹೀಗಾಯ್ತು. ಆದರೆ ಮನೆಯವರಷ್ಟೇ ಸಾಕಾಗಲ್ಲ ಅನ್ನೋದು ನಮಗೆ ನಿಧಾನವಾಗಿ ಗೊತ್ತಾಯ್ತು. ಹುಡುಕಿದಾಗ ಸಿಕ್ಕಿದ್ದನ್ನ ಇಲ್ಲಿ ಬರೀತೀವಿ, ಯಾಕಂದ್ರೆ ನಿಮ್ಮಲ್ಲಿ ಯಾರಿಗಾದ್ರೂ ಇವತ್ತೇ ಬೇಕಾಗಿರಬಹುದು.

14567 ಅಂತ ಒಂದು ನಂಬರ್ ಇದೆ, ಎಲ್ಡರ್‌ಲೈನ್. ಹಿರಿಯ ನಾಗರಿಕರಿಗಾಗಿ ಇರೋ ರಾಷ್ಟ್ರೀಯ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಹತ್ತಿರದಲ್ಲಿ ಯಾವ ಸೌಲಭ್ಯ ಇದೆ, ಪಿಂಚಣಿ, ಕಾನೂನು, ಯಾರೋ ಬಿಟ್ಟುಹೋದ ಹಿರಿಯರು, ಎಲ್ಲದಕ್ಕೂ ಕೇಳಬಹುದು. ಮನೆಯವರೂ ಫೋನ್ ಮಾಡಬಹುದು.

14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಇದು ಕಾಯಿಲೆ ಇರೋರಿಗೆ ಮಾತ್ರ ಅಂತ ನಾವು ತಿಳ್ಕೊಂಡಿದ್ವಿ. ನೋಡ್ಕೊಳ್ಳೋರಿಗೂ ಹೌದು. ಒಂದು ರಾತ್ರಿ ಹನ್ನೊಂದಕ್ಕೆ ಅಮ್ಮ ಫೋನ್ ಮಾಡಿ ಮಾತಾಡಿದ್ಲು. ಏನು ಮಾತಾಡಿದೆ ಅಂತ ನಾವು ಕೇಳಲಿಲ್ಲ. "ನಾನು ಕೆಟ್ಟವಳಲ್ಲ ಅಂದ್ರು" ಅಂತ ಅವಳೇ ಹೇಳಿದ್ಲು.

ಪ್ರತಿ ಸಲ ಬೆಂಗಳೂರಿಗೆ ಓಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಅನ್ನೋ ಹೆಸರಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರೋ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಅಂತ ಮೊದಲೇ ಕೇಳ್ಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗಿದ್ದು ಇದೇ ಕಷ್ಟದಲ್ಲಿರೋ ಬೇರೆಯವರು. ಎಆರ್‌ಡಿಎಸ್‌ಐ ಅನ್ನೋ ಸಂಸ್ಥೆ 1992ರಲ್ಲಿ ಕೇರಳದಲ್ಲಿ ಶುರುವಾಗಿದ್ದು, ಡಿಮೆನ್ಶಿಯಾ ಇರೋರ ಕುಟುಂಬಗಳಿಗಾಗಿ ಕೆಲಸ ಮಾಡುತ್ತೆ, ಬೆಂಗಳೂರಲ್ಲೂ ಶಾಖೆ ಇದೆ. ನೋಡ್ಕೊಳ್ಳೋರೇ ಸೇರಿ ಮಾತಾಡೋ ಇಂಥ ಸಭೆಯೊಂದಕ್ಕೆ ಅಕ್ಕ ಅಮ್ಮನನ್ನ ಆನ್‌ಲೈನಲ್ಲಿ ಸೇರಿಸಿದ್ಲು. ಅಮ್ಮ ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ ಅವರೆಕಾಯಿ ಸುಲೀತಾ ಕೂತಿದ್ಲು. ಹೆಂಡತಿಯನ್ನ ಆರು ವರ್ಷದಿಂದ ನೋಡ್ಕೊಳ್ತಿರೋ ಒಬ್ಬ ರಿಟೈರ್ಡ್ ಮೇಷ್ಟ್ರು ಅವಳನ್ನ ಕೇಳಿದ ಮೊದಲ ಪ್ರಶ್ನೆ: "ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಮ್ಮ?" ಮೂರು ವರ್ಷದಲ್ಲಿ ಎಲ್ಲರೂ ಅಮ್ಮನನ್ನ ಅಜ್ಜಿ ಹೇಗಿದ್ದಾರೆ ಅಂತಲೇ ಕೇಳಿದ್ದು. ಅವರೆಕಾಯಿ ಸುಲಿಯೋದು ನಿಂತುಹೋಯ್ತು.

ಡಾಕ್ಟರ್ ಹತ್ರ ಐದು ನಿಮಿಷದಲ್ಲಿ ಸಿಗದ ವಿದ್ಯೆ ಆ ಸಭೆಯಲ್ಲಿ ಸಿಕ್ಕಿತು. "ಮನೆಗೆ ಹೋಗ್ಬೇಕು" ಅಂದಾಗ ವಾದ ಮಾಡಬೇಡಿ, "ಹೋಗೋಣ, ಕಾಫಿ ಕುಡ್ಕೊಂಡು ಹೋಗೋಣ" ಅನ್ನಿ. ಸಂಜೆ ಕತ್ತಲಾಗೋ ಮೊದಲೇ ಎಲ್ಲ ಲೈಟ್ ಹಾಕಿ, ಕತ್ತಲಲ್ಲಿ ಗಾಬರಿ ಜಾಸ್ತಿ. ಕಪ್ಪು ಕಾಲೊರಸು ಅವರಿಗೆ ಗುಂಡಿ ಥರ ಕಾಣಬಹುದು, ತೆಗೆದುಬಿಡಿ. ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ ಇರಲಿ. ಗ್ಯಾಸನ್ನ ರಾತ್ರಿ ಸಿಲಿಂಡರ್ ಹತ್ರವೇ ಆಫ್ ಮಾಡಿ. ಫೋನ್ ನಂಬರ್ ಬರೆದ ಒಂದು ಕಾರ್ಡ್ ಯಾವಾಗ್ಲೂ ಅವರ ಮೈಮೇಲೆ ಇರಲಿ.

ಆ ಕೊನೇ ಸಲಹೆಯಿಂದ ನಮ್ಮ ಬೀದಿಯೂ ಸೇರ್ಕೊಂಡಿತು. ಮೊದಲು ನಾವು ಅಜ್ಜಿ ಕಾಯಿಲೆ ವಿಷಯ ಮುಚ್ಚಿಡ್ತಿದ್ವಿ, ಅಕ್ಕನ ಮದುವೆ ವಿಷಯಕ್ಕೆ ತೊಂದರೆ ಅಂತ ಯಾರೋ ಹೇಳಿದ್ದಕ್ಕೆ. ಈಗ ಅಪ್ಪ ತಾವೇ ಹೋಗಿ ಆಟೋ ಸ್ಟ್ಯಾಂಡ್‌ಗೆ, ಮೂಲೆ ಅಂಗಡಿಗೆ, ಎದುರು ಮನೆಯವರಿಗೆ ಹೇಳಿ ಬಂದರು: "ನಮ್ಮಮ್ಮನಿಗೆ ಮರೆವಿನ ಕಾಯಿಲೆ, ಒಬ್ಬರೇ ಕಂಡ್ರೆ ಫೋನ್ ಮಾಡಿ." ಆಮೇಲೆ ಎರಡು ಸಲ ಆಟೋದವರೇ ಅಜ್ಜಿಯನ್ನ ಮನೆ ಬಾಗಿಲಿಗೆ ತಂದು ಬಿಟ್ಟಿದ್ದಾರೆ. ಬಾಡಿಗೆ ತಗೊಳ್ಳಲಿಲ್ಲ. ಪಕ್ಕದ ಮನೆ ಆಂಟಿ ಸಂಜೆ ಬಂದು ಅಜ್ಜಿ ಜೊತೆ ಹೂ ಕಟ್ಟುತ್ತಾರೆ. ಅಜ್ಜಿಗೆ ನಮ್ಮ ಹೆಸರು ನೆನಪಿಲ್ಲ, ಹೂ ಕಟ್ಟೋದು ಕೈಗೆ ನೆನಪಿದೆ.

ನೆರೆಹೊರೆಯವರು ಹೀಗೆ ಕೈ ಜೋಡಿಸೋದು ಅದೃಷ್ಟ ಇದ್ರೆ ಮಾತ್ರ ಆಗೋ ವಿಷಯ ಆಗಬೇಕಾಗಿಲ್ಲ. ಕೇರಳದ ಮಲಪ್ಪುರಂ ಕಡೆ ಅದನ್ನೇ ಒಂದು ವ್ಯವಸ್ಥೆ ಮಾಡಿದ್ದಾರೆ. ಹಾಸಿಗೆ ಹಿಡಿದವರನ್ನ, ವಾಸಿಯಾಗದ ಕಾಯಿಲೆಯವರನ್ನ ಮನೆಗೇ ಹೋಗಿ ನೋಡ್ಕೊಳ್ಳೋಕೆ ಊರಿನ ಸಾಮಾನ್ಯ ಜನ ತರಬೇತಿ ಪಡೀತಾರೆ. ವಾರಕ್ಕೆ ಎರಡು ಗಂಟೆ ಕೊಡೋಕೆ ಆಗುತ್ತಾ ಅನ್ನೋದೇ ಅವರನ್ನ ಕೇಳೋ ಮುಖ್ಯ ಪ್ರಶ್ನೆ. ಜೊತೆಗೆ ನರ್ಸ್, ಡಾಕ್ಟರ್ ಇರ್ತಾರೆ. ಕಾಲೇಜು ಹುಡುಗರೂ ಹೋಗ್ತಾರೆ. 2008ರಲ್ಲಿ ಕೇರಳ ಸರ್ಕಾರ ಇದಕ್ಕೆ ಒಂದು ನೀತಿಯನ್ನೇ ತಂದಿತು, ದೇಶದಲ್ಲೇ ಮೊದಲು.

ವಾರಕ್ಕೆ ಎರಡು ಗಂಟೆ. ನಮ್ಮ ಕ್ಯಾಂಪಸ್‌ನಲ್ಲಿ ಅದು ಕ್ಯಾಂಟೀನ್‌ನಲ್ಲಿ ಕಳೆಯೋ ಒಂದು ದಿನದ ಲೆಕ್ಕ. ನಾವೆಲ್ಲ 100 ಆಕ್ಟಿವಿಟಿ ಪಾಯಿಂಟ್‌ಗಾಗಿ ಒಂದೇ ಗಿಡದ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸ್ಕೊಂಡವರೇ. ಕಾಲೇಜಿನ ಸುತ್ತಲಿನ ಬೀದಿಗಳಲ್ಲೂ ಯಾರದೋ ಅಮ್ಮ 147 ಗಂಟೆ ಕೂತಿರ್ತಾಳೆ. ಅವಳು ಬ್ಯಾಂಕಿಗೆ ಹೋಗಿ ಬರೋವರೆಗೆ ಅಜ್ಜನ ಜೊತೆ ಕೂತು ಪೇಪರ್ ಓದೋಕೆ ಡಿಗ್ರಿ ಬೇಕಾಗಿಲ್ಲ. ಎನ್‌ಎಸ್‌ಎಸ್‌ನವರ ಹತ್ರ ಈ ಬಗ್ಗೆ ಮಾತಾಡಿದ್ದೀವಿ. ಮೊದಲು ತರಬೇತಿ ಯಾರು ಕೊಡ್ತಾರೆ ನೋಡಿ ಬನ್ನಿ ಅಂದಿದ್ದಾರೆ. ನ್ಯಾಯವಾದ ಮಾತು. ಗೊತ್ತಿಲ್ಲದೆ ಹೋದ್ರೆ ಏನಾಗುತ್ತೆ ಅಂತ ನಾವು ಆ ಶನಿವಾರ ನೋಡಿದ್ದೀವಿ. ಆಸಕ್ತಿ ಇರೋರು ಕನ್ನಡ ಸಂಘದ ರೂಮಿಗೆ ಬನ್ನಿ.

ಎಲ್ಲ ಸರಿಹೋಯ್ತು ಅಂತ ಹೇಳೋಕೆ ಆಗಲ್ಲ. ಅಜ್ಜಿ ದಿನದಿಂದ ದಿನಕ್ಕೆ ಕಡಿಮೆ ಆಗ್ತಿದ್ದಾಳೆ, ಈಗ ಅಪ್ಪನನ್ನ "ಅಣ್ಣ" ಅಂತಾಳೆ. ಹೋದ ವಾರದ ಶೀಟ್ ಹೀಗಿದೆ: ಅಪ್ಪ 32, ಸ್ನಾನ ಮಾಡಿಸೋರು 12, ಪಕ್ಕದ ಮನೆ ಆಂಟಿ 4, ಸರದಿ ಮೇಲೆ ಹೋಗೋ ಅತ್ತೆ ಮತ್ತು ನಾವು 12. ಅಮ್ಮ 108. ನೂರೆಂಟು ಇನ್ನೂ ಒಬ್ಬ ಮನುಷ್ಯಳಿಗೆ ತುಂಬಾ ಜಾಸ್ತಿ. ಆದರೆ ಹೊಲಿಗೆ ಮಿಷನ್ ಮೇಲಿನ ಬಟ್ಟೆ ತೆಗೆದಿದ್ದಾಳೆ. ಈ ತಿಂಗಳು ನಾಲ್ಕು ಬ್ಲೌಸ್ ಒಪ್ಕೊಂಡಿದ್ದಾಳೆ, ಒಂದನ್ನ ಹೊಲಿದು ಮುಗಿಸಿದ್ದಾಳೆ.

ನಿಮ್ಮ ಮನೆಯಲ್ಲೂ ಹಾಸಿಗೆ ಹಿಡಿದ ತಾತ, ಸ್ಟ್ರೋಕ್ ಆದ ದೊಡ್ಡಪ್ಪ, ಓಡಾಡೋಕೆ ಆಗದ ತಂಗಿ ಇದ್ದರೆ, "ನಾವೇ ನೋಡ್ಕೋತೀವಿ" ಅಂತ ನೀವೂ ಹೇಳ್ತಿದ್ದರೆ, ಒಂದು ಶೀಟ್ ತೆಗೆದು 168 ಗಂಟೆ ತುಂಬಿ ನೋಡಿ. ಅದಕ್ಕೂ ಮೊದಲು ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ, "ಊಟ ಆಯ್ತಾ" ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?"

ಈ ಶನಿವಾರ ನಮ್ಮ ಸರದಿ. ಅಮ್ಮ ತವರಿಗೆ ಹೋಗ್ತಾಳೆ.